ಈರಣ್ಣನ ಫೋಟೋ ಮತ್ತು ಏಳು ಬೆಟ್ಟಿಂಗ್ ಅಂಗಡಿಗಳು

ಹೊರಡುವ ಮುನ್ನ: ಪೀಣ್ಯ

ಇಂಗ್ಲೆಂಡಿಗೆ ಹೋಗಿಬಂದೆಯಲ್ಲ, ಏನು ನೋಡಿದೆ ಎಂದು ಕೇಳುವವರಿಗೆ ನಿಜ ಹೇಳಬೇಕೆಂದರೆ, ನಾನು ಅಲ್ಲಿ ಹೆಚ್ಚು ಹೊತ್ತು ನೋಡಿದ್ದು ಈರಣ್ಣನ ಬೆನ್ನನ್ನು. ಅರಮನೆ, ಗಡಿಯಾರದ ಗೋಪುರ, ನದಿಯ ಮೇಲಿನ ಸೇತುವೆ ಇವು ಯಾವುವೂ ನಾವು ಹೋದ ಊರಿನಲ್ಲಿ ಇರಲಿಲ್ಲ. ಇದ್ದಿದ್ದರೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ ಬಿಡಿ. ಐದು ದಿನ ಆ ಬೆನ್ನು ಎತ್ತ ತಿರುಗುತ್ತದೆ, ಯಾವ ಬಾಗಿಲ ಮುಂದೆ ನಿಧಾನವಾಗುತ್ತದೆ ಎಂದು ಕಾಯುವುದೇ ನನ್ನ ಪ್ರವಾಸವಾಗಿತ್ತು.

ಪೀಣ್ಯ ಎರಡನೆಯ ಹಂತದಲ್ಲಿ ನನ್ನದೊಂದು ಶೆಡ್ಡು. ನೀರೆತ್ತುವ ಪಂಪುಗಳಿಗೆ ಶಾಫ್ಟು ಮಾಡಿಕೊಡುತ್ತೇವೆ. ನಮ್ಮ ಗ್ರೈಂಡಿಂಗ್ ಮೆಷಿನ್ ಮುದಿಯಾಗಿ, ಅದು ತಿಕ್ಕಿ ಕೊಟ್ಟ ಶಾಫ್ಟುಗಳು ಗಿರಾಕಿಗಳಿಂದ ವಾಪಸು ಬರತೊಡಗಿದಾಗ ಬೇರೆಯದನ್ನು ಹುಡುಕಲೇಬೇಕಾಯಿತು. ಹೊಸದು ನಮ್ಮ ಕೈಗೆ ಎಟುಕುವ ಮಾತಲ್ಲ. ಇಂಗ್ಲೆಂಡಿನ ನಡುಭಾಗದಲ್ಲಿ ಕಾರ್ಖಾನೆಯೊಂದು ಮುಚ್ಚುತ್ತಿದೆ, ಅಲ್ಲಿ ಮಗುವಿನ ಹಾಗೆ ಸಾಕಿದ ಮೆಷಿನ್ ಒಂದಿದೆ ಎಂದು ದಲ್ಲಾಳಿಯೊಬ್ಬ ಹೇಳಿದ. ಹಳೆಯ ಮೆಷಿನ್ ಕೊಳ್ಳುವುದೆಂದರೆ ಎಮ್ಮೆ ಕೊಂಡ ಹಾಗೆಯೇ. ಫೋಟೋ ನೋಡಿ ಆಗುವುದಿಲ್ಲ, ಹತ್ತಿರ ಹೋಗಿ ಮೈ ತಡವಬೇಕು. ಹಾಗೆ ತಡವಿ ಹೇಳುವ ಕೈ ನಮ್ಮಲ್ಲಿದ್ದದ್ದು ಈರಣ್ಣನದೊಂದೇ.

ಈರಣ್ಣ ರೋಣದ ಕಡೆಯವನು. ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದು, ಪಕ್ಕದ ಶೆಡ್ಡಿನ ಗೋಡೆ ಕಟ್ಟುತ್ತಿದ್ದವನು ಒಂದು ದಿನ ಕರಣೆ ಕೈಯಲ್ಲಿ ಹಿಡಿದೇ ಒಳಗೆ ಬಂದು, “ಸಾಹೇಬ್ರ, ನಿಮ್ಮ ಮಷೀನ್ದಾಗ ಏನೋ ಅಳಾಕತ್ತೈತ್ರಿ” ಎಂದ. ಬಿಚ್ಚಿ ನೋಡಿದರೆ ಬೇರಿಂಗ್ ಹೋಗಿತ್ತು. ಅಂದಿನಿಂದ ಹತ್ತೊಂಬತ್ತು ವರ್ಷ, ನಮ್ಮ ಶೆಡ್ಡಿನ ಫಿಟ್ಟರೂ ಅವನೇ, ಕಿವಿಯೂ ಅವನೇ.

ಅಂಥವನಿಗೆ ಮೊಬೈಲಿನಲ್ಲಿ ಕ್ರಿಕೆಟ್ ಬಾಜಿಯ ಚಟ ಹಿಡಿದಿತ್ತು. ಬಾಲಿಗೊಂದು ಬಾಜಿ. ಡಬ್ಬಿ ತೆರೆದಿಟ್ಟು, ಕೈಯಲ್ಲಿ ಕಲಸಿದ ಅನ್ನ ಒಣಗುವವರೆಗೂ ಫೋನ್ ನೋಡುತ್ತ ಕೂತಿರುತ್ತಿದ್ದ. ಆಮೇಲೆ ಸರಕಾರ ಹಣ ಕಟ್ಟಿ ಆಡುವ ಆಪುಗಳನ್ನೆಲ್ಲ ನಿಷೇಧಿಸಿತು. ಅವನ ಫೋನಿನಿಂದ ಆ ಬಣ್ಣದ ಚೌಕಗಳು ಮಾಯವಾದವು. ಈರಣ್ಣ ಊಟ ಮಾಡತೊಡಗಿದ. ಅವನ ಹೆಂಡತಿ ಶಾಂತವ್ವನಿಗೆ ನಾನೇ ದೊಡ್ಡ ಮನುಷ್ಯನ ಹಾಗೆ ಹೇಳಿದ್ದೆ: “ಸರಕಾರವೇ ಬಾಗಿಲು ಹಾಕಿದೆ ತಾಯಿ. ಇನ್ನು ಹೆದರಬೇಡ.”

ಹೊರಡುವ ಹಿಂದಿನ ದಿನ ಶಾಂತವ್ವ ರೊಟ್ಟಿಯ ಗಂಟು ತಂದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ. ಗಂಟಿನ ಜೊತೆ ಈರಣ್ಣನ ಫೋನನ್ನೂ ನನ್ನ ಕೈಗಿಟ್ಟಳು.

“ಅಣ್ಣಾರ, ಇದು ನಿಮ್ಮ ಕಿಸೆದಾಗ ಇರ್ಲಿ. ಅಲ್ಲಿ ಅದಕ್ಕ ಬಂದಿ ಇಲ್ಲಂತ. ಅಂಗಡಿ ಇಟ್ಕೊಂಡು ಕುಂದರ್ತಾರಂತ. ಕರ್ಕೊಂಡು ಹೊಂಟೀರಿ, ಹಂಗ ಕರ್ಕೊಂಡು ಬರ್ರಿ.”

ಹಂಗ ಅಂದರೆ ಹೇಗೆಂದು ನಾನು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಮೊದಲ ದಿನ: ದೊಡ್ಡ ಬೀದಿ

ನಾವು ಇಳಿದುಕೊಂಡ ಮನೆಯಿಂದ ಕಾರ್ಖಾನೆಗೆ ನಡೆದು ಹೋಗುವ ದಾರಿ ಒಂದೇ, ಊರಿನ ದೊಡ್ಡ ಬೀದಿ. ಏಪ್ರಿಲ್ ಆದರೂ ಚಳಿ. ಮುಖಕ್ಕೆ ಯಾರೋ ದೂರದಿಂದ ನೀರು ಚಿಮುಕಿಸಿದಂಥ ಮಳೆ. ಅರ್ಧ ಅಂಗಡಿಗಳು ಮುಚ್ಚಿದ್ದವು. ತೆರೆದಿದ್ದವುಗಳಲ್ಲಿ ಕ್ಷೌರದಂಗಡಿ, ಕೋಳಿ ಕರಿಯುವ ಅಂಗಡಿ, ಉಗುರಿಗೆ ಬಣ್ಣ ಹಚ್ಚುವ ಅಂಗಡಿ. ಉಳಿದಂತೆ ಬೆಟ್ಟಿಂಗ್ ಅಂಗಡಿಗಳು.

ಒಂದು, ಎರಡು ಎಂದು ಎಣಿಸಿದೆ. ನಾಲ್ಕು ಫರ್ಲಾಂಗಿನಲ್ಲಿ ಏಳು. ಗುಟ್ಟು ಎಂಬುದೇ ಇಲ್ಲ. ಗಾಜಿನ ಮೇಲೆ ಆಳೆತ್ತರದ ಕುದುರೆ, ಚೆಂಡು ಒದೆಯುವ ಹುಡುಗರು. ಒಂದು ಅಂಗಡಿಯ ಪಕ್ಕ ಔಷಧದ ಅಂಗಡಿ, ಇನ್ನೊಂದರ ಪಕ್ಕ ಅಂಚೆ ಕಚೇರಿ. ಮುದುಕಿಯೊಬ್ಬರು ಅಂಚೆ ಕಚೇರಿಯಿಂದ ಬಂದು, ಕೊಡೆ ಮಡಿಸಿ, ನಮ್ಮಲ್ಲಿ ಹೂವಿನಂಗಡಿಗೆ ಹೋಗುವಷ್ಟು ಸಲೀಸಾಗಿ ಅದರೊಳಗೆ ಹೋದರು. ನಮ್ಮೂರಿನಲ್ಲೂ ಕುದುರೆಗಾದರೆ ಲೈಸೆನ್ಸ್ ಇರುವ ಬುಕ್ಕಿಗಳಿದ್ದಾರೆ, ರೇಸ್ ಕೋರ್ಸಿನ ಬೇಲಿಯೊಳಗೆ. ಕ್ರಿಕೆಟ್ಟಿಗೆ ಕಾನೂನಿನ ಪ್ರಕಾರ ಯಾರೂ ಇಲ್ಲ. ಯಾರೂ ಇಲ್ಲದ್ದರಿಂದ ಯಾರು ಬೇಕಾದರೂ ಇರಬಹುದು.

ನಾನು ಈರಣ್ಣನನ್ನು ರಸ್ತೆಯ ಆ ಕಡೆಯ ಕಾಲುದಾರಿಗೆ ಎಳೆದುಕೊಂಡೆ. ಅಲ್ಲಿ ಮೂರಿದ್ದವು, ಈ ಕಡೆ ನಾಲ್ಕು.

“ಯಾಕ್ರಿ, ಆ ಕಡೆ ಮಳಿ ಬರಾಕತ್ತಿಲ್ಲೇನು?” ಎಂದ ಈರಣ್ಣ.

“ಚಪ್ಪರ ಇದೆ” ಎಂದೆ. ಇರಲಿಲ್ಲ.

ಅವನು ನಕ್ಕ. “ಸಾಹೇಬ್ರ, ನಾ ಇಂಗ್ಲಿಷ್ ಓದಾಕ ಬರದಂವ ಇರಬೌದು. ಕುದುರಿ ಚಿತ್ರ ತಿಳಿತೈತ್ರಿ.”

ಸಂಜೆ ರೊಟ್ಟಿ ಬೆಚ್ಚಗೆ ಮಾಡುತ್ತೇನೆಂದು ಅವನು ಅಡುಗೆಮನೆಯ ಒಲೆ ಹಚ್ಚಿದ. ರೊಟ್ಟಿಯ ಅಂಚು ಕಪ್ಪಾಗುತ್ತಲೇ ಚಾವಣಿಯಿಂದ ಕಿವಿ ಹರಿಯುವ ಹಾಗೆ ಸೈರನ್ ಹೊಡೆದುಕೊಂಡಿತು. ನಾನು ಟವೆಲ್ ಬೀಸಿದೆ, ಈರಣ್ಣ ರೊಟ್ಟಿ ಹಿಡಿದುಕೊಂಡೇ ಅಂಗಳಕ್ಕೆ ಓಡಿದ. ಪಕ್ಕದ ಮನೆಯವರು ಬೇಲಿಯಾಚೆಯಿಂದ ಬಗ್ಗಿ ಎಲ್ಲ ಸರಿಯಿದೆಯೇ ಎಂದು ವಿಚಾರಿಸಿ, ನಾವು ಹೂಂ ಎನ್ನುವ ಮೊದಲೇ ಒಳಗೆ ಹೋದರು. ಹೊಗೆಗೊಂದು ಕಾವಲು, ಬಿಸಿನೀರಿಗೊಂದು ಎಚ್ಚರಿಕೆ, ಮೆಟ್ಟಿಲಿಗೊಂದು ಸೂಚನೆ. ಬೀದಿಗೆ ಬಂದರೆ ಏಳು ಬಾಜಿ ಅಂಗಡಿ. ನನಗೆ ಆ ದೇಶದ ಲೆಕ್ಕ ಹಿಡಿತಕ್ಕೆ ಸಿಗಲಿಲ್ಲ. ತಣ್ಣನೆಯ ರೊಟ್ಟಿ ತಿಂದು ಮಲಗಿದೆವು. ಅವನಿಗೆ ತಕ್ಷಣ ನಿದ್ದೆ ಬಂತು.

ಎರಡನೆಯ ದಿನ: ಕೀತನ ಶೆಡ್ಡು

ಮೆಷಿನ್ ಮಾರುವವನ ಹೆಸರು ಕೀತ್. ಅರವತ್ತರ ಆಸುಪಾಸು, ಗಿಡ್ಡ, ಕೆಂಪು ಮೂಗು. ಮೂವತ್ತು ವರ್ಷ ಅದೇ ಕಾರ್ಖಾನೆಯಲ್ಲಿ ದುಡಿದು, ಈಗ ಅದರ ಸಾಮಾನುಗಳನ್ನು ಒಂದೊಂದಾಗಿ ಸಾಗಹಾಕಲು ಕೊನೆಯವನಾಗಿ ಉಳಿದವನು. ದೊಡ್ಡ ಕಟ್ಟಡ ಖಾಲಿ ಖಾಲಿ. ಮೆಷಿನ್‌ಗಳು ನಿಂತಿದ್ದ ಜಾಗದಲ್ಲಿ ಎಣ್ಣೆಯ ಚೌಕಗಳು ಮಾತ್ರ ಉಳಿದಿದ್ದವು. ಭಾನುವಾರದ ಪೀಣ್ಯಕ್ಕೂ ಅಷ್ಟು ಮೌನವಿಲ್ಲ.

ಈರಣ್ಣ ಮೆಷಿನ್ನಿನ ಸುತ್ತ ಮೂರು ಸುತ್ತು ಬಂದ. ಆಮೇಲೆ ಓಡಿಸಲು ಸನ್ನೆ ಮಾಡಿದ. ಮೆಷಿನ್ ಪೂರ್ತಿ ವೇಗದಲ್ಲಿ ಓಡುವಾಗ ಅದರ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುವುದು ನಮ್ಮ ಕಡೆಯ ಪರೀಕ್ಷೆ. ಒಳಗೆ ಎಲ್ಲಿಯಾದರೂ ನಡುಕವಿದ್ದರೆ ನಾಣ್ಯ ಬೀಳುತ್ತದೆ. ಕೀತ್ ಒಂದು ಪೌಂಡಿನ ನಾಣ್ಯ ತೆಗೆದುಕೊಟ್ಟ. ಈರಣ್ಣ ಅದನ್ನು ತಿರುಗಿಸಿ ನೋಡಿ ವಾಪಸು ಕೊಟ್ಟ.

“ಇದರ ಅಂಚು ದಪ್ಪ ಐತ್ರಿ, ಮೂಲಿ ಮೂಲಿ ಬ್ಯಾರೆ. ಇದು ಚಕ್ಕಡಿ ಮ್ಯಾಲೂ ನಿಲ್ಲತೈತಿ. ನಮ್ಮ ರೂಪಾಯಿ ಕೊಡ್ರಿ.”

ನನ್ನ ಪರ್ಸಿನಲ್ಲಿ ಒಂದು ಸಿಕ್ಕಿತು. ಕೀತನಿಗೆ ತಮಾಷೆಯೆನಿಸಿತು. ಅಷ್ಟು ತೆಳ್ಳಗಿನ ನಾಣ್ಯ ಎಲ್ಲಿ ನಿಲ್ಲುತ್ತದೆ ಎಂದು, ಕೈ ಚಾಚಿ, “ಐದು ಪೌಂಡ್ ಬಾಜಿ. ಬೀಳುತ್ತದೆ” ಎಂದ.

ಅಷ್ಟು ಇಂಗ್ಲಿಷಿಗೆ ಈರಣ್ಣನಿಗೆ ಅನುವಾದ ಬೇಕಿರಲಿಲ್ಲ. ನಾಣ್ಯ ಹಿಡಿದ ಅವನ ಬೆರಳು ನಡುಗತೊಡಗಿತು. ಸೂಜಿಗೆ ದಾರ ಏರಿಸಿದಂತೆ ಕೆಲಸ ಮಾಡುವ ಕೈ ಅದು. ಹತ್ತೊಂಬತ್ತು ವರ್ಷದಲ್ಲಿ ಅದು ನಡುಗಿದ್ದನ್ನು ನಾನು ಕಂಡಿರಲಿಲ್ಲ. ಕೀತನ ಚಾಚಿದ ಕೈಯನ್ನೇ ನೋಡುತ್ತ ನಿಂತ.

“ಬ್ಯಾಡ್ರಿ” ಎಂದ ಈರಣ್ಣ. ನಾಣ್ಯವನ್ನು ನನಗೆ ಕೊಟ್ಟು ಹೊರಗೆ ಹೋದ. ನಲ್ಲಿಯಲ್ಲಿ ಕೈ ತೊಳೆಯುವುದು ಕಿಟಕಿಯಿಂದ ಕಾಣುತ್ತಿತ್ತು. ಒಂದು ನಲ್ಲಿಯಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಹಿಮದ ನೀರು. ಎರಡರ ಕೆಳಗೂ ಕೈಯಿಟ್ಟು ಬಂದು, ರೂಪಾಯಿಯನ್ನು ಮೆಷಿನ್ನಿನ ಮೇಲೆ ನಿಲ್ಲಿಸಿದ. ನಿಂತಿತು. ಟೀ ಕುಡಿದು ಬಂದಾಗಲೂ ನಿಂತೇ ಇತ್ತು.

ಟೀ ಕುಡಿಯುವಾಗ ಕೀತನಿಗೆ ವಿಷಯ ಹೇಳಬೇಕಾಯಿತು. ಅವನು ಎರಡು ಸಲ ಕ್ಷಮೆ ಕೇಳಿದ, ಮೂರನೆಯ ಸಲ ಬಿಸ್ಕತ್ತು ಕೊಟ್ಟ. ಈ ಬೀದಿಯಲ್ಲಿ ಅಷ್ಟೊಂದು ಅಂಗಡಿ ಯಾಕೆ ಎಂದು ನಾನು ಕೇಳಿದೆ.

“ಜೂಜಿನ ಮೆಷಿನ್‌ಗಳು ಒಂದು ಅಂಗಡಿಯಲ್ಲಿ ನಾಲ್ಕೇ ಇರಬೇಕು ಎಂದು ಸರಕಾರ ಕಾನೂನು ಮಾಡಿತು” ಎಂದ ಕೀತ್. “ಕಂಪನಿಗಳು ಕಾನೂನು ಪಾಲಿಸಿದವು. ಐದನೆಯದಕ್ಕೆ ಪಕ್ಕದಲ್ಲಿ ಇನ್ನೊಂದು ಅಂಗಡಿ ತೆರೆದವು.”

ನಾನು ಜೋರಾಗಿ ನಕ್ಕುಬಿಟ್ಟೆ. ಒಂದು ಶೆಡ್ಡಿಗೆ ಇಷ್ಟೇ ಕರೆಂಟು ಎಂದಾಗ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ, ಎರಡು ಬೋರ್ಡು ನೇತುಹಾಕಿ, ಒಂದನ್ನು ಹೆಂಡತಿಯ ಹೆಸರಿಗೆ ಮಾಡುವವರು ನಮ್ಮಲ್ಲೂ ಇದ್ದಾರೆ. ಏಳು ಸಮುದ್ರ ದಾಟಿದ ಮೇಲೆ ಮೊದಲ ಸಲ ನನಗೆ ಊರು ಕಂಡಂತಾಯಿತು.

ಆದರೆ ಕೀತ್ ನಗಲಿಲ್ಲ. ಅವನ ತಮ್ಮನೂ ಇದೇ ಚಟದಲ್ಲಿ ಮನೆ ಕಳೆದುಕೊಂಡವನಂತೆ. ಕೊನೆಗೆ ಅಂಗಡಿಗೇ ಹೋಗಿ, ನನ್ನನ್ನು ಒಳಗೆ ಬಿಡಬೇಡಿ ಎಂದು ಅರ್ಜಿ ಬರೆದುಕೊಟ್ಟನಂತೆ. ಅಂಗಡಿಯವರು ಅವನ ಫೋಟೋ ಇಟ್ಟುಕೊಳ್ಳುತ್ತಾರೆ. ಆ ಮುಖ ಬಾಗಿಲಲ್ಲಿ ಕಂಡರೆ ವಾಪಸು ಕಳಿಸಬೇಕು. ಕಳಿಸದಿದ್ದರೆ ಅಂಗಡಿಯ ಲೈಸೆನ್ಸಿಗೆ ಕುತ್ತು. ಅರ್ಜಿ ಕೊಟ್ಟವನು ಮರುದಿನ ಬಂದು ಕಾಲು ಹಿಡಿದರೂ ಅದನ್ನು ಹರಿಯುವಂತಿಲ್ಲ. “ನಾನು ಶನಿವಾರ ಕುದುರೆಗೆ ಒಂದು ಚೀಟಿ ಬರೆಯುತ್ತೇನೆ. ತಮ್ಮ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾನೆ” ಎಂದ ಕೀತ್.

ಇದನ್ನೆಲ್ಲ ಈರಣ್ಣನಿಗೆ ಕನ್ನಡದಲ್ಲಿ ಹೇಳಿದವನು ನಾನೇ. ಅವನು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಹಿಡಿದಿದ್ದ. ಅದು ಕರಗಿ ಲೋಟಕ್ಕೆ ಬಿತ್ತು.

“ತಾನಾಗೇ ಹೋಗಿ ಫೋಟೋ ಕೊಟ್ನಂತ?” ಎಂದು ಕೇಳಿದ.

“ಹೂಂ.”

“ಅಂಗಡ್ಯಾಂವ ತೊಗೊಂಡ್ನಂತ?”

“ತಗೊಳ್ಳಲೇಬೇಕಂತೆ. ಕಾನೂನು.”

ಮೂರನೆಯ ದಿನ: ಐದನೆಯ ಬಾಗಿಲು

ಮರುದಿನ ಶನಿವಾರ. ಮಧ್ಯಾಹ್ನದ ಹೊತ್ತು, ಕೊಂಡ ಮೆಷಿನ್ ಸಾಗಿಸಬೇಕಾದ ಹಡಗಿನ ಏಜೆಂಟನ ಫೋನ್ ಬಂತೆಂದು ನಾನು ಅಂಗಳಕ್ಕೆ ಹೋದೆ. ಹತ್ತು ನಿಮಿಷದ ಮಾತು. ಹಿಂತಿರುಗಿದಾಗ ಮೆಷಿನ್ ಆರಿಸಿತ್ತು. ಈರಣ್ಣನ ನೀಲಿ ಏಪ್ರನ್ ಮೊಳೆಯ ಮೇಲಿತ್ತು. ಕೀತನೂ ಇಲ್ಲ, ಈರಣ್ಣನೂ ಇಲ್ಲ.

ಶನಿವಾರ, ಕುದುರೆ, ಚೀಟಿ. ನಾನು ಓಡಿದೆ. ಐವತ್ತಾರರ ಮೊಣಕಾಲು ಹೇಗೆ ಓಡುತ್ತದೋ ಹಾಗೆ. ನನ್ನ ಎರಡು ಕಿಸೆಯಲ್ಲಿ ಎರಡು ಫೋನು ತೊಡೆಗೆ ಬಡಿಯುತ್ತಿದ್ದವು. ಒಂದರಲ್ಲಿ ಶಾಂತವ್ವನ ಕರೆ ಬಂದರೆ ಏನೆನ್ನಲಿ ಎಂಬ ಯೋಚನೆ ಬೇರೆ.

ಹುಟ್ಟಿದಾರಭ್ಯ ಬಾಜಿ ಕಟ್ಟದವನು ನಾನು. ಈಗ ಒಂದಾದ ಮೇಲೊಂದು ಬೆಟ್ಟಿಂಗ್ ಅಂಗಡಿಗೆ ನುಗ್ಗಿ ಹೊರಬೀಳುತ್ತಿದ್ದೆ. ಬಾಗಿಲಲ್ಲೇ ಹದಿನೆಂಟರ ಒಳಗಿನವರಿಗೆ ಪ್ರವೇಶವಿಲ್ಲವೆಂದು ಬೋರ್ಡು. ಒಳಗೆ ನಾನು ಎಣಿಸಿದ ಹಾಗೆ ಹೊಗೆ, ಹೆಂಡ, ಗದ್ದಲ ಯಾವುದೂ ಇಲ್ಲ. ಬ್ಯಾಂಕಿನ ಹಾಗೆ ಕೌಂಟರು, ಮೆತ್ತನೆಯ ಕುರ್ಚಿ, ಗೋಡೆಗೆ ಟೀವಿಗಳು, ಗೂಡಿನ ಮೇಲೆ ಸಹಾಯ ಬೇಕಾದರೆ ಕರೆ ಮಾಡಿ ಎಂಬ ಕರಪತ್ರಗಳ ರಾಶಿ. ಎರಡನೆಯ ಅಂಗಡಿಯಲ್ಲಿ ಒಬ್ಬ ಮೆಷಿನ್ನಿನ ಮುಂದೆ ಕೂತು ಗುಂಡಿ ಒತ್ತುತ್ತಿದ್ದ. ಗೆದ್ದನೋ ಸೋತನೋ ಅವನ ಮುಖದಲ್ಲಿ ಏನೂ ತಿಳಿಯದು. ಮೂರನೆಯದರಲ್ಲಿ ಯಾರೂ ಇರಲಿಲ್ಲ. ನಾಲ್ಕನೆಯದರಲ್ಲಿ ಮೊದಲ ದಿನ ಕಂಡ ಕೊಡೆಯ ಮುದುಕಿ ಇದ್ದರು, ಚೆನ್ನಾಗಿದ್ದೀಯಾ ಎಂದು ಕೇಳಿದರು.

ಐದನೆಯದರಲ್ಲಿ ಈರಣ್ಣ. ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ ನಿಂತಿದ್ದ. ಗಾಜಿನಾಚೆಯ ಹೆಂಗಸು ಕಾಗದವೊಂದನ್ನು ಅವನತ್ತ ತಿರುಗಿಸಿ ಪೆನ್ನು ಕೊಡುತ್ತಿದ್ದಳು. ಕೀತ್ ಹಿಂದಿನ ಕುರ್ಚಿಯಲ್ಲಿ.

“ಏನೋ ಈರಣ್ಣ!” ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ನಾಚಿಕೆ ಆಗಲ್ವೇನೋ ನಿನಗೆ? ಮೂರು ದಿನ ತಡೆಯೋಕೆ ಆಗ್ಲಿಲ್ವಾ? ಶಾಂತವ್ವನಿಗೆ ನಾನು ಯಾವ ಮುಖ ತೋರಿಸ್ಲಿ?”

ಟೀವಿಯಲ್ಲಿ ಕುದುರೆಗಳು ಓಡುತ್ತಿದ್ದರೂ ಎಲ್ಲರೂ ನನ್ನನ್ನೇ ನೋಡಿದರು. ಆ ಹೆಂಗಸು ಕೌಂಟರಿನ ಬಾಗಿಲು ತೆಗೆದು ಹೊರಗೆ ಬಂದಳು. ಎದೆಯ ಮೇಲೆ ಡೋನಾ ಎಂದು ಹೆಸರು. ಬೆವೆತು, ಏದುಸಿರು ಬಿಡುತ್ತ, ಕೈ ಬೀಸಿ ಕೂಗುವವನನ್ನು ನೋಡಿ ಆಕೆಗೆ ಏನನಿಸಬೇಕೋ ಅದೇ ಅನಿಸಿತು. ನನ್ನ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಒಂದು ಲೋಟ ನೀರು ಕೊಟ್ಟು, ಚಟ ಬಿಡಲು ಸಹಾಯವಾಣಿಯ ಕರಪತ್ರವನ್ನು ನನ್ನ ಕೈಗೇ ಇಟ್ಟಳು. “ಇದರಲ್ಲಿ ನಾಚಿಕೆಯೇನಿಲ್ಲ” ಎಂದು ಸಮಾಧಾನ ಹೇಳಿದಳು.

“ಅವರಿಗಲ್ರಿ ಮೇಡಂ, ನನಗ, ನನಗ” ಎಂದು ಈರಣ್ಣ ಎದೆ ಮುಟ್ಟಿ ತೋರಿಸುತ್ತಿದ್ದ. ಕೌಂಟರಿನ ಮೇಲೆ ವೀಸಾಕ್ಕೆಂದು ತೆಗೆಸಿ ಉಳಿದಿದ್ದ ಅವನ ಫೋಟೋ ಇತ್ತು.

ಬಾಜಿ ಕಟ್ಟಲು ಬಂದಿರಲಿಲ್ಲ ಅವನು. ಒಳಗೆ ಬಿಡಬೇಡಿ ಎಂದು ಅರ್ಜಿ ಕೊಡಲು ಬಂದಿದ್ದ. ಕೀತನನ್ನು ಕೈಸನ್ನೆಯಲ್ಲೇ ಒಪ್ಪಿಸಿ ಕರೆತಂದಿದ್ದ.

ಆಮೇಲಿನ ಮಾತಿಗೆ ನಾನು ನಡುವೆ ನಿಂತೆ. ತಲೆ ಎತ್ತಲಾಗದೆ ನಿಂತೆ ಎನ್ನಿ. ಇಲ್ಲಿ ಯಾವಾಗಿನಿಂದ ಆಡುತ್ತಿದ್ದೀರಿ ಎಂದು ಡೋನಾ ಕೇಳಿದಳು. ಒಂದು ಸಲವೂ ಇಲ್ಲ. ಹಾಗಾದರೆ ಎಲ್ಲಿ? ಬೆಂಗಳೂರು, ಪೀಣ್ಯ. ಆಕೆ ಅರ್ಜಿಯನ್ನು ಮತ್ತೊಮ್ಮೆ ಓದಿಕೊಂಡಳು. ಮನೆ ಇರುವ ಕಡೆಯ ಅಂಗಡಿಗಳ ಹೆಸರು ಬರೆಯಬೇಕು, ಕಡಿಮೆಯೆಂದರೆ ಆರು ತಿಂಗಳು, ಬೆಂಗಳೂರಿನಲ್ಲಿ ನಮ್ಮ ಅಂಗಡಿಯಿಲ್ಲ ಎಂದಳು.

ಈರಣ್ಣ ನನ್ನ ಕಡೆ ತಿರುಗಿದ. “ಸರಕಾರದ ಕಾಗದ ಅಲ್ಲೇನ್ರಿ ಇದು? ಪಾಸ್ಪೋರ್ಟ್ ಅಲ್ಲೀದು ಇಲ್ಲಿ ನಡೀತೈತಿ. ಇದು ಇಲ್ಲೀದು ಅಲ್ಲಿ ನಡ್ಯೂದಿಲ್ಲೇನು?”

ಅದನ್ನು ಹಾಗೆಯೇ ಇಂಗ್ಲಿಷಿಗೆ ಹೇಳಿದೆ. ಡೋನಾ ನಗಲಿಲ್ಲ. ಹನ್ನೊಂದು ವರ್ಷದಿಂದ ಈ ಕೌಂಟರಿನಲ್ಲಿದ್ದೇನೆ, ಈ ಕಾಗದಕ್ಕೆ ಬರುವವರು ಅಳುತ್ತ ಬರುತ್ತಾರೆ, ಇವನು ಕೆಲಸದ ಸಂದರ್ಶನಕ್ಕೆ ಬಂದವನ ಹಾಗೆ ಫೋಟೋ ಹಿಡಿದು ಬಂದಿದ್ದಾನೆ ಎಂದಳು.

“ಬರೆದುಕೊಟ್ಟವರೆಲ್ಲ ಬಿಡುತ್ತಾರಾ?” ಎಂದೆ.

“ಇಲ್ಲ. ಕೆಲವರು ಬಸ್ಸು ಹತ್ತಿ ಮುಂದಿನ ಊರಿನ ಅಂಗಡಿಗೆ ಹೋಗುತ್ತಾರೆ.” ಆಕೆ ಫೋಟೋವನ್ನು ಈರಣ್ಣನ ಅಂಗಿಯ ಕಿಸೆಗೆ ತಾನೇ ಹಾಕಿದಳು. “ಆದರೆ ಬಸ್ಸಿಗೆ ಹತ್ತು ನಿಮಿಷ ಕಾಯಬೇಕಲ್ಲ. ಆ ಹತ್ತು ನಿಮಿಷದಲ್ಲಿ ಒಬ್ಬಿಬ್ಬರು ಮನೆಗೆ ವಾಪಸು ಹೋಗುತ್ತಾರೆ.”

ಅದೇ ದಿನ: ಕಾಲುವೆಯ ದಂಡೆ

ಕೀತನನ್ನು ಕಾರ್ಖಾನೆಗೆ ಕಳಿಸಿ ನಾವಿಬ್ಬರೂ ಊರ ಹಿಂದಿನ ಕಾಲುವೆಯ ದಂಡೆಗೆ ಬಂದೆವು. ಹಳೆಯ ಕಾಲದಲ್ಲಿ ಕಲ್ಲಿದ್ದಲು ಸಾಗಿಸಿದ ಕಾಲುವೆ. ಈಗ ಬಾತುಕೋಳಿಗಳಿದ್ದವು, ನೀರು ತಿಳಿಯಾಗಿತ್ತು. ವರ್ತೂರು ಕೆರೆಯ ನೊರೆ ಕಂಡ ಕಣ್ಣಿಗೆ ನೀರು ಹಾಗೂ ಇರುತ್ತದೆ ಎಂಬುದೇ ಮರೆತಿತ್ತು. ನಾಯಿ ಹಿಡಿದು ಹೋಗುವವರೆಲ್ಲ ಹವೆ ಚೆನ್ನಾಗಿದೆ ಎಂದು ಹೇಳಿ ಹೋದರು. ಚೆನ್ನಾಗಿರಲಿಲ್ಲ.

“ತಪ್ಪಾಯ್ತು ಈರಣ್ಣ” ಎಂದೆ. “ಎಂಟು ತಿಂಗಳಿಂದ ಬಿಟ್ಟವನನ್ನು ನಾಲ್ಕು ಜನರ ಮುಂದೆ ಹಂಗೆ ಅನ್ನಬಾರದಿತ್ತು.”

ಅವನು ಡೋನಾ ವಾಪಸು ಕೊಟ್ಟ ಫೋಟೋವನ್ನು ಕಿಸೆಯಿಂದ ತೆಗೆದ.

“ಬಿಟ್ಟಿಲ್ರಿ.”

“ಏನು?”

“ಬಿಟ್ಟಿಲ್ರಿ ಸಾಹೇಬ್ರ. ಆಪ್ ಬಂದ್ ಆದ ಮ್ಯಾಲ ಎರಡು ವಾರ ಸುಮ್ನಿದ್ದೆ. ಆಮ್ಯಾಲ ಮೆಟ್ರೊ ಕಂಬದ ಹಂತೇಕ ಮೊಬೈಲ್ ಕವರ್ ಮಾರ್ತಾನಲ್ರಿ, ಮಂಜ, ಅವನ ಕಡೆ ಬಾಜಿ ಕಟ್ಟಾಕ ಹತ್ತೀನಿ. ಆಪ್‌ನ್ಯಾಗ ಇದ್ದಾಗ ಒಂದು ಸಂದೇಶರ ಬರ್ತಿತ್ತು, ಭಾಳ ಆತು ಅಂತ. ಅವಂಗ ಎಷ್ಟು ಅಂತ ಬರೇ ಬೆರಳು ತೋರಿಸಿದ್ರ ಸಾಕು. ಬರ್ಯೂದೂ ಇಲ್ಲ, ಕೇಳೂದೂ ಇಲ್ಲ.”

ನಾನು ಅವನತ್ತ ತಿರುಗಿ ಕೂತೆ.

“ಆಕಿ ಹೊಲಿಗಿ ಮಷೀನು ರಿಪೇರಿಗೆ ಒಯ್ದೀನಿ ಅಂತ ಹೇಳೀನ್ರಿ. ಮಾರೀನಿ.” ಫೋಟೋವನ್ನು ಮತ್ತೆ ಕಿಸೆಗೆ ಹಾಕಿಕೊಂಡ. “ನಾ ಫಿಟ್ಟರ್ ಅದೀನ್ರಿ ಸಾಹೇಬ್ರ. ಮನ್ಯಾಗಿನ ಮಷೀನು ಹೊರಗ ಯಾಕ ರಿಪೇರಿಗೆ ಒಯ್ತೀರಿ ಅಂತ ಆಕಿ ಒಂದು ಮಾತು ಕೇಳ್ಲಿಲ್ಲ. ನಂಬಿದ್ಲು.”

ಸರಕಾರವೇ ಬಾಗಿಲು ಹಾಕಿದೆ ಎಂದು ಶಾಂತವ್ವನಿಗೆ ಹೇಳಿ ನಿಶ್ಚಿಂತೆಯಾಗಿ ಮಲಗಿದ್ದವನು ನಾನು. ಬಾಗಿಲು ಹಾಕಿದ್ದು ನಿಜ. ನಮ್ಮೂರಿನಲ್ಲಿ ಬಾಗಿಲೇ ಇಲ್ಲದ ಕಡೆಯಿಂದ ಜನ ಒಳಗೆ ಹೋಗುತ್ತಿದ್ದರು, ಹೋಗುವವನನ್ನು ನಿಲ್ಲಿಸಿ ಮುಖ ನೋಡುವ ಒಬ್ಬ ಡೋನಾ ಅಲ್ಲಿರಲಿಲ್ಲ. ಇಲ್ಲಿ ನೋಡಿದರೆ ಅಂಥ ಡೋನಾಗಳು ನಾಲ್ಕು ಫರ್ಲಾಂಗಿಗೆ ಏಳು ಜನ, ಆದರೂ ಕೀತನ ತಮ್ಮನಿಗೆ ಮನೆ ಉಳಿಯಲಿಲ್ಲ. ಅಂದು ಬೈಯಲೂ ಶಕ್ತಿ ಇರಲಿಲ್ಲ. ಅವನ ಫೋನನ್ನು ಕಿಸೆಯಿಂದ ತೆಗೆದು ಅವನಿಗೇ ಕೊಟ್ಟೆ.

“ಶಾಂತವ್ವನಿಗೆ ನಾನು ಹೇಳಲ್ಲ. ನೀನೇ ಹೇಳು” ಎಂದೆ.

ಅವನು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬೆರಳು ಅದರ ಮೇಲೆ ಹೋಗಿ ಹೋಗಿ ಬರುತ್ತಿತ್ತು. “ಇಲ್ಲಿಂದ ಬ್ಯಾಡ್ರಿ. ಮಾರಿ ಮುಂದ ನಿಂತು ಹೇಳ್ತೀನಿ” ಎಂದು ಅದನ್ನು ವಾಪಸು ನನಗೇ ಕೊಟ್ಟ.

ಉಳಿದೆರಡು ದಿನ ಮೆಷಿನ್ ಬಿಚ್ಚಿ ಮರದ ಪೆಟ್ಟಿಗೆಗೆ ತುಂಬುವುದರಲ್ಲಿ ಕಳೆದವು. ಅವನ ಕೈ ಎಂದಿನಂತೆ ಓಡಿತು. ನನ್ನ ಮನಸ್ಸು ಮಾತ್ರ ಪೆಟ್ಟಿಗೆಗಿಂತ ಮೊದಲೇ ಪೀಣ್ಯ ಸೇರಿತ್ತು.

ಮತ್ತೆ ಪೀಣ್ಯ

ಬಂದ ದಿನವೇ ಈರಣ್ಣ ಹೆಂಡತಿಗೆ ಹೇಳಿದ. ಶಾಂತವ್ವ ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ಅವನ ಅಂಗಿ ಇಸ್ತ್ರಿ ಮಾಡಿ, ತಲೆ ಬಾಚಿಸಿ, ತಾನೇ ಸ್ಟುಡಿಯೋಗೆ ಎಳೆದುಕೊಂಡು ಹೋದಳಂತೆ.

ಮರುದಿನ ಊಟದ ವಿರಾಮದಲ್ಲಿ ಈರಣ್ಣ ನನ್ನ ಮೇಜಿನ ಮುಂದೆ ಬಂದು ನಿಂತ. “ಸಾಹೇಬ್ರ, ಅಲ್ಲಿ ಕೀತ್ ಬಂದಿದ್ದ. ಇಲ್ಲಿ ನೀವು ಬರ್ರಿ.”

ಮಂಜನ ಅಂಗಡಿ ಎಂದರೆ ಮೆಟ್ರೊ ಕಂಬಕ್ಕೆ ಒರಗಿಸಿದ ತಳ್ಳುಗಾಡಿ. ಬಣ್ಣಬಣ್ಣದ ಕವರುಗಳು, ಚಾರ್ಜರಿನ ವೈರುಗಳು, ಮೇಲೊಂದು ಕೊಡೆ. ಮೂವತ್ತೈದರ ಆಳು, ಕೈಗೆ ಕೆಂಪು ದಾರ. ಈರಣ್ಣನನ್ನು ಕಂಡು ಹಲ್ಲು ಬಿಟ್ಟ.

“ಏನ್ ಗುರು, ಲಂಡನ್ ರಿಟರ್ನು! ಸಕ್ಕತ್ ಕೆಂಪಗಾಗ್ಬಿಟ್ಟಿದ್ದೀಯಲ್ಲ! ಇವತ್ತಿನ ಮ್ಯಾಚ್‌ಗೆ...” ಎಂದವನು ಹಿಂದೆ ನನ್ನನ್ನು ನೋಡಿ, “ಸಾರ್, ಕವರ್ ಬೇಕಾ? ಯಾವ ಮಾಡೆಲ್ಲು?” ಎಂದ.

ಈರಣ್ಣ ಕಿಸೆಯಿಂದ ಲಕೋಟೆ ತೆಗೆದು, ಅದರಿಂದ ಒಂದು ಫೋಟೋವನ್ನು ಕವರುಗಳ ಮೇಲಿಟ್ಟ. ನೀಲಿ ಹಿನ್ನೆಲೆ, ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿದ ಕ್ರಾಪು.

“ಮಂಜಣ್ಣ, ಇದು ನನ್ನ ಮಾರಿ. ಈ ಮಾರಿ ನಿನ್ನ ಗಾಡಿ ಮುಂದ ಬಂದು ಬೆರಳು ತೋರಿಸಿದ್ರ ನೀ ತೊಗೋಬಾರ್ದು. ನಾ ಎಷ್ಟ ಬೇಡಿದ್ರೂ ತೊಗೋಬಾರ್ದು.”

“ಏನ್ ತಗೊಳೋದು? ಯಾವ ಬೆರಳು? ಸಾರ್, ಏನಾಗಿದೆ ಇವ್ನಿಗೆ?” ಮಂಜ ನನ್ನ ಕಡೆ ನೋಡಿ ನಗಲು ನೋಡಿದ. “ನಾನ್ ಕವರ್ ಮಾರೋನು ಕಣ್ರೀ.”

“ನಾನು ಪೊಲೀಸ್ ಅಲ್ಲಪ್ಪ” ಎಂದೆ. “ಅವನು ಹೇಳೋದು ಕೇಳು ಅಷ್ಟೆ.”

ಮಂಜನ ನಗೆ ಇಳಿಯಿತು. ದನಿ ತಗ್ಗಿಸಿದ. “ಲೇ ಈರಣ್ಣ, ಇದೇನ್ ಲೈಸೆನ್ಸ್ ಇರೋ ಅಂಗಡೀನಾ ಫೋಟೋ ಇಟ್ಕೊಳಕ್ಕೆ? ನಾನ್ ಬೇಡ ಅಂದ್ರೆ ಇನ್ನೊಬ್ಬ ಇದಾನೆ. ಜಾಲಹಳ್ಳಿ ಕ್ರಾಸಲ್ಲಿ ಇಬ್ರು ಇದಾರೆ. ಒಂದು ಮೆಸೇಜ್ ಹಾಕಿದ್ರೆ ಸಿಗ್ತಾರೆ ಮಗಾ. ನನ್ ಹತ್ರ ಫೋಟೋ ಕೊಟ್ರೆ ಏನ್ ಪ್ರಯೋಜನ?”

“ಗೊತ್ತೈತಿ” ಎಂದು ಈರಣ್ಣ ಲಕೋಟೆ ಬಿಚ್ಚಿ ತೋರಿಸಿದ. “ಹನ್ನೆರಡು ಕಾಪಿ ತೆಗೆಸ್ಯಾಳ ನಮ್ಮಾಕಿ. ಅವರದೂ ಅಡ್ರೆಸ್ ಹೇಳು. ಒಬ್ಬೊಬ್ಬರ ಕಡೆ ಹೋಗಿ ಕೊಡ್ತೀನಿ.”

ಮಂಜ ಲಕೋಟೆ ನೋಡಿದ, ಈರಣ್ಣನನ್ನು ನೋಡಿದ. ಮೇಲೆ ಮೆಟ್ರೊ ಹಾದು ಹೋಯಿತು, ಕೊಡೆ ನಡುಗಿತು. ಗಿರಾಕಿಯೊಬ್ಬ ಚಾರ್ಜರ್ ಕೇಳಿದ, ಇವನಿಗೆ ಕೇಳಿಸಲಿಲ್ಲ. ಕೊನೆಗೆ ಫೋಟೋವನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿದ.

“ಎಷ್ಟ್ ದಿನಕ್ಕೆ?” ಎಂದ.

“ಆರು ತಿಂಗಳು. ಅದಕ್ಕಿಂತ ಕಮ್ಮಿ ಕಾನೂನಿನ್ಯಾಗ ಇಲ್ಲ.”

“ನಡುವೆ ಬಂದು ಅತ್ರೆ?”

“ಬೈದು ಕಳಸು.”

ಮಂಜ ಫೋಟೋದ ಬೆನ್ನಿಗೆ ತಾರೀಖು ಹಾಕಲು ಪೆನ್ನು ಹುಡುಕತೊಡಗಿದ. ಏನನ್ನೂ ಬರೆದಿಟ್ಟು ಅಭ್ಯಾಸವಿಲ್ಲದ ಆ ಗಾಡಿಯಲ್ಲಿ ಒಂದು ಪೆನ್ನು ಸಿಗಲು ಬಹಳ ಹೊತ್ತು ಹಿಡಿಯಿತು. ನಾವಿಬ್ಬರೂ ಕಾದೆವು.